ಸೋಮವಾರದ ಕಟ್ಟಿನ ಸಾರು

ಶಿವಭಕ್ತ ಬಂಧುಗಳೇ, ತಾಯಂದಿರೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿರಿಸಿ ಇತ್ತ ಕಿವಿಗೊಡಿರಿ. ಇದು ಪವಾಡಪುರುಷರ ಚರಿತ್ರೆಯಲ್ಲ. ಹಂಸಭಾವಿಯ ಒಬ್ಬ ಹೆಣ್ಣುಮಗಳು, ಈಚಿನ ಒಂದು ಶ್ರಾವಣದಲ್ಲಿ, ಕುದಿಯುವ ಪಾತೇಲಿಯ ಮುಂದೆ ನಿಂತು ಅನುಭವಿಸಿದ ಸಂಕಟದ ಕಥೆ. ದೊಡ್ಡವರ ದೊಡ್ಡ ಮಾತುಗಳನ್ನು ದಿನವೂ ಕೇಳುತ್ತೇವೆ. ಇಂದು ನಮ್ಮ ಓಣಿಯವಳೊಬ್ಬಳ ಮಾತನ್ನು ಕೇಳೋಣ.

ಆಕೆಯ ಹೆಸರು ವಾಣಿಶ್ರೀ. ಅಡುಗೆಯ ಡಿಪ್ಲೊಮಾ ಓದಲೆಂದು ಪುಣೆಗೆ ಹೋದವಳು ಅಲ್ಲಿಯೇ ಒಂದು ಹೆಸರಾಂತ ರೆಸ್ಟೋರೆಂಟಿನ ಅಡುಗೆಮನೆಯನ್ನು ಸೇರಿದಳು. ಉಳ್ಳಾಗಡ್ಡಿ ಹೆಚ್ಚುವ ಮೂಲೆಯಿಂದ ಆರಂಭಿಸಿ ಮುಖ್ಯ ಶೆಫ್‌ನ ಬಲಗೈಯಾಗುವವರೆಗೆ ಏರಿದಳು. ಆಕೆಯ ಕೈಯಿಂದ ಹೊರಬಂದ ತಟ್ಟೆಯನ್ನು ಉಣ್ಣುವ ಮೊದಲು ಜನ ಒಮ್ಮೆ ಕಣ್ತುಂಬ ನೋಡುತ್ತಿದ್ದರಂತೆ. ಊರು ಬಿಡುವಾಗ ಆಕೆ ತಾಯಿ ನಾಗವ್ವನಿಗೆ ಒಂದು ಮಾತು ಕೊಟ್ಟಿದ್ದಳು: ಸೋಮವಾರದ ಒಪ್ಪತ್ತನ್ನು ಬಿಡುವುದಿಲ್ಲ, ಸಂಜೆ ಲಿಂಗಪೂಜೆಯಾಗುವವರೆಗೆ ನೀರಿನ ಹೊರತು ಬಾಯಿಗೆ ಏನನ್ನೂ ಹಾಕುವುದಿಲ್ಲ. ಪುಣೆಯ ಆ ರೆಸ್ಟೋರೆಂಟಿಗೆ ಸೋಮವಾರವೇ ವಾರದ ರಜೆ. ಹೀಗಾಗಿ ವ್ರತವೂ ನಡೆಯಿತು, ನೌಕರಿಯೂ ನಡೆಯಿತು. ಎರಡೂ ಎಂದೂ ಮುಖಾಮುಖಿಯಾಗಲಿಲ್ಲ. ಸಲೀಸಾಗಿ ನಡೆದುಹೋಗುವ ವ್ರತವನ್ನು ನಾವು ನಮ್ಮ ಭಕ್ತಿಯ ಬಲವೆಂದೇ ತಿಳಿಯುತ್ತೇವೆ. ಎಷ್ಟೋ ಸಲ ಅದು ರಜೆಯ ಪುಣ್ಯವಾಗಿರುತ್ತದೆ!

ಗಂಡ ಮೃತ್ಯುಂಜಯನು ಬೀಜದ ಕಂಪನಿಯ ನೌಕರ. ಅವನಿಗೆ ಹಿರೇಕೆರೂರಿಗೆ ವರ್ಗವಾದಾಗ ಇಬ್ಬರೂ ಹಂಸಭಾವಿಗೆ ಮರಳಿ, ನಾಗವ್ವನ ಮನೆಯ ಹಿಂದಿನ ಓಣಿಯಲ್ಲಿಯೇ ಮನೆ ಹಿಡಿದರು. ಊರಿನ ಗಾಳಿ ವಾಣಿಶ್ರೀಗೆ ಹಿತವೇ ಆಯಿತು. ಆದರೆ ಕೈಗಳಿಗೆ ಕೆಲಸವಿಲ್ಲ. ಕಲಿತ ವಿದ್ಯೆಗೆ ತಕ್ಕ ಅಡುಗೆಮನೆಯನ್ನು ಹುಡುಕಿಕೊಂಡು ಆಕೆ ತಾಲೂಕು ತಾಲೂಕು ಅಲೆದಳು.

ಹಾನಗಲ್ಲಿನಲ್ಲಿ ಒಬ್ಬ ಲಾಡ್ಜಿನ ಯಜಮಾನರು ಬಹಳ ಗೌರವದಿಂದ ಕುರ್ಚಿ ಹಾಕಿಸಿ ಕೂರಿಸಿದರು. "ಪುಣೆದಾಗ ಶೆಫ್ ಇದ್ರೇನ್ರಿ? ಭಾಳ ಚೊಲೋ ಆತು. ನಮ್ಮಲ್ಲಿ ರೊಟ್ಟಿ ಬಡಿಯಾಕ ಮಂದೀನ ಸಿಗವಲ್ರು. ತಾಸಿಗೆ ಎಷ್ಟು ಬಡೀತೀರಿ?"

ಸವಣೂರಿನಲ್ಲಿ ಮದುವೆಯ ಅಡುಗೆ ಗುತ್ತಿಗೆ ಹಿಡಿಯುವವನೊಬ್ಬ ಆಕೆಯ ಮೊಬೈಲಿನ ಚಿತ್ರಗಳನ್ನು ನೋಡಿ ಗಾಬರಿಗೊಂಡ. "ಬಾಯಾರ, ಇಷ್ಟು ದೊಡ್ಡ ತಾಟಿನ್ಯಾಗ ಒಂದ ತುತ್ತು ಇಟ್ಟು ಸುತ್ತ ಸೊಪ್ಪು ಉದುರಿಸಿದ್ರ, ಬೀಗರು ನನ್ನ ಪೆಂಡಾಲಿನ ಕಂಬಕ್ಕ ಕಟ್ಟಿ ಬಡೀತಾರ್ರಿ!"

ಮನೆಗೆ ಬಂದರೆ ಗಂಡನ ಕೀಟಲೆ. "ನಾ ಮಾರೂ ಬೀಜ ವಾರದಾಗ ಮೊಳಿತಾವ. ನಿನ್ನ ನೌಕರಿ ಇನ್ನೂ ಮಣ್ಣಾಗ ಐತಿ ನೋಡು."

"ನೀರ ಹಾಕವ್ರು ಬೇಕಲ್ಲ," ಎಂದು ಆಕೆ ನಗುತ್ತಿದ್ದಳು. ನಗೆಯ ಹಿಂದೆ ಬೇಸರವಿತ್ತು.

ಅಂಥ ಹೊತ್ತಿನಲ್ಲಿ ಶಿಗ್ಗಾಂವಿಯ ಕಡೆಯಿಂದ ಸುದ್ದಿ ಬಂತು. ಗೊಟಗೋಡಿಯ ಬಳಿ ಹೆದ್ದಾರಿಗೆ ಹೊಂದಿಕೊಂಡು ಹೊಸದೊಂದು ದೊಡ್ಡ ಹೋಟೆಲು ಎದ್ದಿತ್ತು. ಗಾಜಿನ ಗೋಡೆ, ಹುಲ್ಲುಹಾಸು, ಮೆತ್ತನೆಯ ದೀಪಗಳು. ಯಜಮಾನ ಆನಂದನು ನಲವತ್ತರ ಆಸುಪಾಸಿನ, ಮಾತಿನಲ್ಲಿ ಚುರುಕಾದ ವ್ಯಾಪಾರಸ್ಥ. ವಾಣಿಶ್ರೀ ಹೇಳಿದ್ದನ್ನೆಲ್ಲ ಆತ ಆಸಕ್ತಿಯಿಂದ ಕೇಳಿಸಿಕೊಂಡ.

"ನನಗ ಬೇಕಾಗಿದ್ದೂ ಇದರಿ. ನಮ್ಮ ಭಾಗದ ಊಟ, ಆದ್ರ ದೊಡ್ಡ ಶಹರದ ಠೀವಿ. ಸೋಮವಾರ ಮಧ್ಯಾಹ್ನ ನಮ್ಮ ಪಾಲುದಾರರು ಹುಬ್ಬಳ್ಳಿಯಿಂದ ಬರ್ತಾರ. ನೀವ ಅಡಗಿ ಮಾಡಿ ಬಡಿಸ್ರಿ. ಅವ್ರು ಒಪ್ಪಿದ್ರ ಅಡಗಿಮನಿ ನಿಮ್ದು. ಈಗಿರೋ ಖಾದರಸಾಬರು ನಿಮ್ಮ ಕೈಕೆಳಗ ಬಿರ್ಯಾನಿ ನೋಡ್ಕೋತಾರ."

ವಾಣಿಶ್ರೀ ಒಪ್ಪಿದಳು, ಸಂತೋಷದಿಂದ ಕೈಮುಗಿದಳು, ಬಸ್ಸು ಹತ್ತಿದಳು. ಬಸ್ಸು ಬಹುದೂರ ಬಂದಮೇಲೆ ನೆನಪಾಯಿತು: ಸೋಮವಾರ! ಅದೂ ಶ್ರಾವಣದ ಸೋಮವಾರ. ದಿನ ಬದಲಿಸಿರೆಂದು ಕೇಳೋಣವೆಂದರೆ ಪಾಲುದಾರರು ಬರುವುದು ಅಂದೇ. ಮರುದಿನ ಬೇರೊಬ್ಬ ಶೆಫ್ ಅಡುಗೆ ಮಾಡಿ ತೋರಿಸಲು ಬರುವವನಿದ್ದಾನೆಂದೂ ಆನಂದನು ಹೇಳಿದ್ದ. ರುಚಿ ನೋಡದೆ ಅಡುಗೆ ಮಾಡುವ ಶೆಫ್ ಎಂದರೆ ಕಣ್ಣು ಕಟ್ಟಿಕೊಂಡು ಅಳತೆ ತೆಗೆಯುವ ದರ್ಜಿಯಂತೆ. ಆದರೂ ಇಷ್ಟು ವರ್ಷದ ಕೈ ತಪ್ಪಲಾರದೆಂದು ಆಕೆ ಧೈರ್ಯ ತಂದುಕೊಂಡಳು.

ಸೋಮವಾರ ಬೆಳಿಗ್ಗೆ ಹೋಟೆಲಿನ ಅಡುಗೆಮನೆಯಲ್ಲಿ ಇಬ್ಬರಿದ್ದರು. ಒಬ್ಬಳು ರೊಟ್ಟಿಯ ತಿಪ್ಪವ್ವ. ಹಿರೇಬೆಂಡಿಗೇರಿಯಿಂದ ದಿನವೂ ಬಂದುಹೋಗುವವಳು. ಇನ್ನೊಬ್ಬರು ಸವಣೂರಿನ ಖಾದರಸಾಬರು. ಬಿಳಿಯ ಟೊಪ್ಪಿಗೆ, ಮೆಹಂದಿ ಹಚ್ಚಿದ ದಾಡಿ. ಹೋಟೆಲು ತೆರೆದ ದಿನದಿಂದ ಆ ಒಲೆಗಳ ಒಡೆಯರು ಅವರೇ.

"ಬರ್ರಿ ಮೇಡಮ್ಮಾರ," ಎಂದರು, ಎದ್ದು ನಿಲ್ಲದೆ. "ಒಲಿ ನಿಮ್ದು, ಪಾತೇಲಿ ನಿಮ್ದು. ನಾ ಮೂಲ್ಯಾಗ ಬಳ್ಳೊಳ್ಳಿ ಸುಲಕೋಂತ ಕುಂದರ್ತೇನಿ."

ಆಕೆಯ ಯೋಜನೆ ಅಂದವಾಗಿತ್ತು. ಮೊದಲಿಗೆ ಕಟ್ಟಿನ ಸಾರು, ಗಾಜಿನ ಪುಟ್ಟ ಬಟ್ಟಲುಗಳಲ್ಲಿ, ಮೇಲೊಂದು ಹನಿ ತುಪ್ಪ. ಅನಂತರ ಅಂಗೈಯಗಲದ ತೆಳು ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ. ಕೊನೆಗೆ ಹೋಳಿಗೆ. ಕಡಲೆಬೇಳೆ ಬೆಂದ ನೀರೇ ಕಟ್ಟು. ಹಬ್ಬದ ದಿನ ನಮ್ಮ ಮನೆಗಳಲ್ಲಿ ಹೂರಣಕ್ಕೆ ಬೇಳೆ ಬೇಯಿಸಿ ಆ ನೀರನ್ನು ಚೆಲ್ಲದೆ ಸಾರು ಮಾಡುವುದಿಲ್ಲವೇ, ಅದೇ. ಆಕೆ ಅದನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಇಂಗಿಸಿ ಗಟ್ಟಿಗೊಳಿಸಿದಳು. ಸುವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು. ಹುಣಸೆ ಹದವಾಗಿದೆಯೆಂದು ಮೂಗು ಹೇಳಿತು, ಮಸಾಲೆ ಬೆರೆತಿದೆಯೆಂದು ಕಣ್ಣು ಹೇಳಿತು. ಆದರೆ ಬಂಧುಗಳೇ, ಉಪ್ಪಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದನ್ನು ನಾಲಿಗೆಯೊಂದೇ ಬಲ್ಲದು.

ಚಮಚೆ ಆಕೆಯ ಕೈಯಲ್ಲಿಯೇ ಇತ್ತು. ಯಾರೂ ಇತ್ತ ನೋಡುತ್ತಿರಲಿಲ್ಲ. ಒಂದು ಹನಿಗಾಗಿ ಶಿವನು ಮುನಿಯುವವನಲ್ಲವೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇಷ್ಟು ವರ್ಷ ತನ್ನಿಂದ ಏನನ್ನೂ ಕೇಳದೆ ನಡೆದ ವ್ರತವು ಇಂದು ಮೊದಲ ಸಲ ಏನನ್ನೋ ಕೇಳುತ್ತಿದೆ. ಕೇಳಿದ ಮೊದಲ ದಿನವೇ ಇಲ್ಲವೆನ್ನಲೇ? ಚಮಚೆಯನ್ನು ಕೆಳಗಿಟ್ಟು ಆಕೆ ತಿಪ್ಪವ್ವನನ್ನು ಕರೆದಳು.

ತಿಪ್ಪವ್ವ ಸೊರ್ರೆಂದು ಹೀರಿದಳು. "ಚೊಲೋ ಐತ್ರಿ ಯವ್ವಾ."

"ಉಪ್ಪು?"

"ಅದೂ ಚೊಲೋ ಐತ್ರಿ."

"ಹುಳಿ?"

"ಹುಳಿನೂ ಚೊಲೋ ಐತ್ರಿ. ಎಲ್ಲಾ ಚೊಲೋ ಐತಿ. ಒಂದ ತಂಬಿಗಿ ನೀರ ಕೊಡ್ರಿ ಮೊದಲ."

ತಂಬಿಗೆಯನ್ನು ಎತ್ತಿ ಗಟಗಟನೆ ಕುಡಿದ ತಿಪ್ಪವ್ವನನ್ನು ನೋಡಿ ವಾಣಿಶ್ರೀಗೆ ಉಪ್ಪಿನ ಮೇಲೆ ಅನುಮಾನ ಬಂತು. ಅಡುಗೆಮನೆಯಲ್ಲಿ ಇನ್ನೊಂದೇ ನಾಲಿಗೆ ಉಳಿದಿತ್ತು. ಅದು ಪಳಗಿದ ನಾಲಿಗೆ, ಆದರೆ ತಾನು ಗೆದ್ದರೆ ಕೆಳಗಿಳಿಯಬೇಕಾದವರ ನಾಲಿಗೆ. ಅವರು ಸುಮ್ಮನೆ ಚೆನ್ನಾಗಿದೆಯೆಂದರೂ ಸಾಕು, ತನ್ನ ಆಸೆ ಅಲ್ಲಿಗೆ ಮುಗಿಯುತ್ತದೆ. ಇದೆಲ್ಲವನ್ನೂ ತಿಳಿದೇ ಆಕೆ ಬಟ್ಟಲು ಹಿಡಿದು ಮೂಲೆಗೆ ನಡೆದಳು.

"ಚಾಚಾ, ಒಂಚೂರು ರುಚಿ ನೋಡಿ ಹೇಳ್ರಿ."

ಖಾದರಸಾಬರು ಹುಬ್ಬೇರಿಸಿದರು. "ಯಾಕ್ರಿ ಮೇಡಮ್ಮಾರ, ನಿಮ್ಮ ನಾಲಿಗಿ ಪುಣೆದಾಗ ಬಿಟ್ಟ ಬಂದೀರೇನು?"

"ಇವತ್ತ ಸೋಮವಾರ ಐತ್ರಿ. ಸಂಜಿ ಪೂಜಿ ಆಗೂತನಾ ಬಾಯಾಗ ಏನೂ ಹಾಕ್ಕೊಳ್ಳೂದಿಲ್ಲ."

ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತು. "ನೀರೂ ಇಲ್ಲೇನು?"

"ನೀರ ಕುಡೀತೇನ್ರಿ."

"ಹಂಗಾರ ನಮ್ಮ ರೋಜಾಕ್ಕಿಂತ ಹಗುರ ಐತಿ ಬಿಡ್ರಿ!" ಎಂದು ಅವರು ನಕ್ಕರು, ಆ ಬೆಳಗಿನ ಮೊದಲ ನಗೆ. "ರಂಜಾನದಾಗ ನಾನೂ ಹಿಂಗ ಪಾತೇಲಿ ಮುಂದ ಪಿಳಿಪಿಳಿ ನೋಡ್ಕೋಂತ ನಿಂದರ್ತೇನಿ. ನನ್ನ ಜೋಡಿ ಅಡಗಿಗೆ ಬರೂ ಗುದ್ಲೆಪ್ಪ ರುಚಿ ನೋಡ್ತಾನ. ಅವನ ನಾಲಿಗಿಗೆ ಖಾರ ಬಿಟ್ರ ಬ್ಯಾರೇ ಏನೂ ತಿಳಿಯಂಗಿಲ್ಲ. ಒಂದ ಸರ್ತಿ ಸಕ್ರಿ ಇಲ್ಲದ ಶಿರಾ ಬಡಿಸಿಬಿಟ್ವಿ ನೋಡವ್ವ, ಊರ ಮಂದಿಗೆಲ್ಲಾ!"

ನಗುತ್ತಲೇ ಅವರು ಬಟ್ಟಲನ್ನು ತುಟಿಗಿಟ್ಟರು. ನಗೆ ನಿಂತಿತು. ಸಾರನ್ನು ನುಂಗಿ, ಬಟ್ಟಲಿನೊಳಗೇ ನೋಡಿದರು. ಆಗ ಅವರ ಮನಸ್ಸಿನಲ್ಲಿ ಏನು ನಡೆಯಿತೆಂಬುದು ವಾಣಿಶ್ರೀಗೆ ಕಾಣಲಿಲ್ಲ. ಅವರ ದೇವರಿಗೇ ಕಂಡಿರಬೇಕು.

"ಉಪ್ಪು ಆಗೇತಿ," ಎಂದರು ಕೊನೆಗೆ. "ಭಾಳ ಆಗೇತಿ. ನಿನ್ನ ಕೈದಲ್ಲ ತಪ್ಪು. ಇಲ್ಲಿ ಬೋರಿನ ನೀರು ಸವಳು ಐತಿ. ನಾವು ಸಾರಿಗೆ ಕ್ಯಾನಿನ ನೀರ ಹಾಕ್ತೇವಿ. ಸವಳು ನೀರ ಇಂಗಿಸಿದ್ರ ಹಿಂಗ ಆಕ್ಕೈತಿ. ಮುಂಜಾನೆನ ಹೇಳಬೇಕಿತ್ತು. ಬೇಕಂತನ ಹೇಳಲಿಲ್ಲ."

ಆಕೆ ಅವರ ಮುಖವನ್ನೇ ನೋಡಿದಳು.

"ಹಿಂಗ ನೋಡಬ್ಯಾಡ ಬೇಟಿ. ದಾಡಿ ಬೆಳ್ಳಗಾದ್ರೂ ಹೊಟ್ಟಿಕಿಚ್ಚು ಆರೂದಿಲ್ಲ. ಏ ತಿಪ್ಪವ್ವಾ, ಕುಕ್ಕರ್ ತಾ ಇಲ್ಲಿ! ಇಷ್ಟ ಉಪ್ಪು ಚೊಲೋ ಐತಂತ ಹೇಳ್ತಿಯಲ್ಲ, ನೀ ಏನ ಸಮುದ್ರದಾಗ ಹುಟ್ಟೀಯೇನು?"

"ದೊಡ್ಡವ್ರು ಮಾಡಿದ್ದಕ್ಕ ಕೊಂಕು ತೆಗೀಬಾರದಂತ ಸುಮ್ನಾದ್ನಿರಿ," ಎಂದಳು ತಿಪ್ಪವ್ವ, ಕುಕ್ಕರನ್ನು ಒಲೆಗೇರಿಸುತ್ತ.

ಕ್ಯಾನಿನ ನೀರಿನಲ್ಲಿ ಹೊಸದಾಗಿ ಬೇಳೆ ಬೆಂದಿತು. ಹಳೆಯ ಸಾರಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತೆಗೆದು, ಹೊಸ ಕಟ್ಟನ್ನು ಸೇರಿಸಿ, ರುಬ್ಬಿದ ಹೂರಣವನ್ನು ಒಂದು ಹಿಡಿ ಕದಡಿದರು. ಬೆರೆಸುವ ಕೈ ವಾಣಿಶ್ರೀಯದು, ಸವಿಯುವ ನಾಲಿಗೆ ಖಾದರಸಾಬರದು. ಇನ್ನೊಂಚೂರು ಹುಳಿ ಎಂದರು ಅವರು. ಸಾಕು, ಬೆಲ್ಲ ಮುಂದಾಗಬೇಕು ಎಂದಳು ಆಕೆ. ವಾದಿಸಿದರು, ಮತ್ತೆ ಕುದಿಸಿದರು. ಕಡೆಗೆ ಅವರು ಕಣ್ಣು ಮುಚ್ಚಿ ತಲೆದೂಗಿದಾಗ ಹೊರಗೆ ಕಾರುಗಳು ಬಂದು ನಿಂತಿದ್ದವು.

ಪಾಲುದಾರರು ಎರಡನೆಯ ಬಟ್ಟಲು ಸಾರನ್ನು ಕೇಳಿ ಹಾಕಿಸಿಕೊಂಡರು. ಅವರಲ್ಲಿ ಹಿರಿಯರೊಬ್ಬರು ಆಕೆಯನ್ನು ಕರೆಸಿದರು. "ಏನ ಹದಾ ಬಂದೇತಿ ತಾಯಿ! ಹೆಂಗ ಹಿಡೀತಿ ಈ ರುಚೀನ?"

ಪಕ್ಕದಲ್ಲಿ ಆನಂದನು ಹೆಮ್ಮೆಯಿಂದ ನಿಂತಿದ್ದ. ಕೈಮುಗಿದು ಸುಮ್ಮನಿದ್ದರೆ ಕೆಲಸ ಕೈಸೇರಿದಂತೆಯೇ. ವಾಣಿಶ್ರೀ ಮಾತ್ರ ಹೇಳಿಯೇಬಿಟ್ಟಳು. "ಅಡಗಿ ನಂದರಿ. ಆದ್ರ ಇವತ್ತ ನಾ ಒಂದ ಹನೀನೂ ರುಚಿ ನೋಡಿಲ್ರಿ. ಸೋಮವಾರ ನಂದು ಒಪ್ಪತ್ತು. ರುಚಿ ನೋಡಿ ಸರಿ ಮಾಡಿಸಿದವ್ರು ಖಾದರಸಾಬರು."

ಹಿರಿಯರು ಒಳ್ಳೆಯದೆಂದರು. ಆನಂದನ ಮುಖ ಮಾತ್ರ ಸಪ್ಪಗಾಯಿತು. ಆಮೇಲೆ ಆಕೆಯನ್ನು ಬದಿಗೆ ಕರೆದ. "ನಿಮ್ಮ ಭಕ್ತಿಗೆ ನಾ ಏನೂ ಅನ್ನಂಗಿಲ್ರಿ. ಆದ್ರ ಹೋಟೆಲಿಗೆ ಸೋಮವಾರ ಅಂತ ಬ್ಯಾರೇ ಇರಂಗಿಲ್ಲ. ರುಚಿ ನೋಡಲಾರದ ಹೆಡ್ ಶೆಫ್ ಅಂದ್ರ ಹೆಂಗ್ರಿ? ವಿಚಾರ ಮಾಡಿ ತಿಳಸ್ತೇನಿ." ಅವನನ್ನು ನಾವು ಬೈಯಬಾರದು. ದುಡಿದದ್ದನ್ನೆಲ್ಲ ಅಲ್ಲಿ ಸುರಿದವನ ಅಳುಕು ಅದು.

ಸಂಜೆ ಪೂಜೆ ಮುಗಿಸಿ ಉಣ್ಣಲು ಕುಳಿತಾಗ ಮಗಳು ಎಲ್ಲವನ್ನೂ ತಾಯಿಗೆ ಹೇಳಿದಳು. ನಾಗವ್ವ ಹಣೆ ಚಚ್ಚಿಕೊಂಡಳು. "ಅಯ್ಯ ನನ್ನ ಮಗಳ! ಒಂದ ಹನಿ ನಾಲಿಗಿ ಮ್ಯಾಲ ಇಟ್ಟಿದ್ರ ಶಿವ ಏನ ಕೈಲಾಸ ಬಿಟ್ಟ ಓಡಿ ಬರ್ತಿದ್ನೇನು? ನಾ ಎಷ್ಟ ಸೋಮವಾರ ಮರತು ಅವಲಕ್ಕಿ ಬಾಯಾಗ ಹಾಕ್ಕೊಂಡೇನಿ!"

"ಮರತು ಹಾಕ್ಕೊಳ್ಳೂದು ಬ್ಯಾರೆ ಬೇ, ಅವ್ವ. ನನಗ ನೆನಪಿತ್ತಲ್ಲ."

ನಾಗವ್ವ ಮಗಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಆ ವಾರವೆಲ್ಲ ಫೋನು ಬರಲಿಲ್ಲ. ಇನ್ನೊಬ್ಬ ಶೆಫ್ ಬಂದುಹೋದನೆಂಬ ಸುದ್ದಿ ಬಂತು. ವಾಣಿಶ್ರೀ ಹಾನಗಲ್ಲಿನ ರೊಟ್ಟಿಯ ಕೆಲಸವನ್ನೇ ಒಪ್ಪಿಕೊಳ್ಳುವುದೆಂದು ಮನಸ್ಸನ್ನು ಸಿದ್ಧಮಾಡಿಕೊಳ್ಳತೊಡಗಿದಳು. ಆಗ ಒಂದು ಮಧ್ಯಾಹ್ನ ಫೋನು ಬಂತು. ಆನಂದನಲ್ಲ, ಖಾದರಸಾಬರು.

"ಬೇಟಿ, ನಾಡಿದ್ದ ಬಂದ ಬಿಡು. ಸಾಹುಕಾರ ಈಗ ಫೋನ್ ಮಾಡ್ತಾನ. ಅದಕ್ಕಿಂತ ಮೊದಲ ನಾ ಹೇಳ್ಬೇಕಂತ ಮಾಡಿದೆ."

"ಅವ್ರು ಹೆಂಗ ಒಪ್ಪಿದ್ರು ಚಾಚಾ?"

"ಆ ಇನ್ನೊಬ್ಬ ಬಂದಿದ್ನಲ್ಲ, ಅವನೂ ಸವಳು ನೀರಿನ್ಯಾಗನ ಶುರು ಮಾಡಿದ. ನಾ ಹೇಳಾಕ ಹೋದೆ. 'ನಿನ್ನ ಕೇಳಿಲ್ಲ, ಸರಿ ಆಕಡೆ' ಅಂದ. ಸರದೆ, ಏನ ಮಾಡ್ಲಿ! ಅವನ ಸಾರು ಯಾರ ಬಾಯಿಗೂ ಹತ್ತಲಿಲ್ಲ. ಆಮ್ಯಾಲ ಸಾಹುಕಾರಗ ಎಲ್ಲಾ ಹೇಳಿದೆ. ನೀರಿನ ಸುದ್ದಿ ನಿನ್ನ ಮುಂದ ಮುಚ್ಚಿಟ್ಟಿದ್ದೂ ಹೇಳಿದೆ. ಸೋಮವಾರ ಪಾತೇಲಿ ನಾ ನೋಡ್ಕೋತೇನಿ, ಉಳಿದ ದಿನ ಆಕಿ ಕೈಕೆಳಗ ಇರ್ತೇನಿ, ನನಗೇನೂ ಅವಮಾನ ಇಲ್ಲ ಅಂದೆ. ಆವಾಗ ಒಪ್ಪಿದ. ಒಂದ ಮಾತು ಕೇಳ, ಎಣ್ಣೆಗಾಯಿಗೆ ನೀ ಎಣ್ಣಿ ಕಮ್ಮಿ ಹಾಕ್ತಿ. ಅದಕ್ಕ ನಾ ಒಪ್ಪಂಗಿಲ್ಲ."

"ಅದನ್ನ ಬಂದ ಮ್ಯಾಲ ಜಗಳಾಡೂಣ್ರಿ ಚಾಚಾ," ಎಂದಳು ವಾಣಿಶ್ರೀ. ಆಕೆಯ ಕಣ್ಣು ತುಂಬಿತ್ತು.

ಈಗ ಆಕೆ ಆ ಅಡುಗೆಮನೆಯ ಮುಖ್ಯಸ್ಥೆ. ಎಣ್ಣೆಯ ಜಗಳ ಇನ್ನೂ ತೀರಿಲ್ಲವೆಂದು ತಿಪ್ಪವ್ವ ಹೇಳುತ್ತಾಳೆ.

ಬಂಧುಗಳೇ, ಕೈಮುಗಿದು ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಅಂಗಡಿಯಲ್ಲೋ ಹೊಲದಲ್ಲೋ ಕಚೇರಿಯಲ್ಲೋ ನಿಮ್ಮ ಶಕ್ತಿಗೆ ಮೀರಿದ್ದೊಂದು ಎದುರಾದಾಗ, ಪಕ್ಕದಲ್ಲಿ ಮುಖ ತಿರುಗಿಸಿ ಕುಳಿತವರನ್ನೇ ಹೋಗಿ ಕೇಳಿರಿ. ಕೇಳಿಸಿಕೊಂಡವರು ನೀವಾದರೆ, ನಿಮಗೆ ನಷ್ಟವಾದರೂ ಸರಿಯೆ, ಇದ್ದದ್ದನ್ನು ಇದ್ದಂತೆ ಹೇಳಿರಿ. ಮತ್ತು ಕೆಲಸ ಕೈಗೂಡಿ ಜನ ನಿಮ್ಮನ್ನು ಹೊಗಳುವ ಹೊತ್ತಿನಲ್ಲಿ, ನಿಮಗೆ ನೆರವಾದವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿರಿ. ಈ ವಾರವೇ ಒಮ್ಮೆ ಹಾಗೆ ನಡೆದು ನೋಡಿರಿ. ಶಿವನು ನಿಮ್ಮ ಜೊತೆಗಿರಲಿ.