ಬೂದಿನೀರಿನಲ್ಲಿ ಬೆಂದ ಜೋಳ

ಮಿಷಿಗನ್ನಿನ ಪ್ಲಿಮತ್, 1976ರ ಜನವರಿ, ಶನಿವಾರ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಪದ್ಮಜಾ ಅವರ ಮನೆಯ ಗ್ಯಾರೇಜಿನಲ್ಲಿ ಲೋರೀನ್ ಕೆಚರ್ ಕೋಟು ತೊಟ್ಟೇ ಕುಕ್ಕರಗಾಲಿನಲ್ಲಿ ಕೂತು ಬೂದಿ ಜರಡಿ ಹಿಡಿಯುತ್ತಿದ್ದಾರೆ. ಚಿಟಿಕೆ ಬೂದಿಯನ್ನು ಮೂಗಿನ ಹತ್ತಿರ ತಂದವರು ಜರಡಿ ಕೆಳಗಿಡುತ್ತಾರೆ.

"ಮೇಣದ ವಾಸನೆ. ಇದು ಅಡುಗೆಗೆ ಆಗಲ್ಲ."

ಪದ್ಮಜಾ ಮುಖ ಸಪ್ಪಗಾಗುತ್ತದೆ. ಫೈರ್‌ಪ್ಲೇಸಿಗೆ ಸದಾ ಓಕ್ ಸೌದೆ ಹಾಕುವವರು ನಿನ್ನೆ ನೆಂಟರು ಬಂದ ಗಡಿಬಿಡಿಯಲ್ಲಿ ಅಂಗಡಿಯಲ್ಲಿ ಸಿಗುವ, ಮರದ ಪುಡಿಗೆ ಮೇಣ ಬೆರೆಸಿ ಮಾಡಿದ ಕೊರಡು ಉರಿಸಿಬಿಟ್ಟಿದ್ದಾರೆ. "ಬೇಗ ಹತ್ಕೊಳ್ಳತ್ತೆ ಅಂತ ನಮ್ಮೆಜಮಾನ್ರು ತಂದಿದ್ರು. ಬೂದಿ ಹಾಳಾಗತ್ತೆ ಅಂತ ಹೊಳೀಲೇ ಇಲ್ಲ ನೋಡಿ," ಎಂದು ಈ ಅಡುಗೆ ನೋಡಲೆಂದು ಬಂದ ನನ್ನತ್ತ ತಿರುಗಿ ಮೈಸೂರು ಕನ್ನಡದಲ್ಲಿ ಪೇಚಾಡುತ್ತಾರೆ.

ಲೋರೀನ್ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಬುಡಕಟ್ಟಿನ ಹೆಂಗಸು. ಗಂಡನ ಕಾರು ಕಾರ್ಖಾನೆಯ ಕೆಲಸಕ್ಕೆಂದು ಒಕ್ಲಹೋಮಾದಿಂದ ಬಂದವರು. ವಾರವೆಲ್ಲ ಇಲ್ಲಿನ ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಾರೆ. ಪದ್ಮಜಾ ಮಗಳು ಅನು ಓದುವುದೂ ಅಲ್ಲೇ, ಇಬ್ಬರಿಗೂ ಪರಿಚಯವಾದದ್ದು ಹಾಗೆ. ತಿಂಗಳಿಗೊಂದು ಭಾನುವಾರ ಡೆಟ್ರಾಯಿಟಿನ ಚರ್ಚಿನ ನೆಲಮಾಳಿಗೆಯಲ್ಲಿ ತಮ್ಮ ಬುಡಕಟ್ಟಿನ ನಲವತ್ತು ಜನಕ್ಕೆ ಅಡುಗೆ ಮಾಡುತ್ತಾರೆ. ಮುಸುಕಿನ ಜೋಳವನ್ನು ಬೂದಿಯ ತಿಳಿನೀರಿನಲ್ಲಿ ಬೇಯಿಸಿ, ಸಿಪ್ಪೆ ಕಳೆದು, ಚೆನ್ನಾಗಿ ತೊಳೆದು, ಕುಟ್ಟಿ, ಬೆಂದ ಹುರುಳಿಕಾಯಿ ಬೀಜ ಬೆರೆಸಿ, ತೆನೆಯ ಹೊರಗರಿಯಲ್ಲಿ ಸುತ್ತಿ ಮತ್ತೆ ಬೇಯಿಸುತ್ತಾರೆ. ನೋಡಿದರೆ ನಮ್ಮ ಕಡುಬಿನ ನೆಂಟ. ಆದರೆ ಹಿಟ್ಟಿಗೆ ಉಪ್ಪು ಸೋಕಿಸುವಂತಿಲ್ಲ, ನೀರಿನಲ್ಲಿ ಬಿರಿದುಹೋಗುತ್ತದಂತೆ.

"ನಮ್ಮ ಹಿರಿಯರನ್ನ ಪೂರ್ವದ ಬೆಟ್ಟಗಳಿಂದ ಬಂದೂಕು ತೋರಿಸಿ ಓಡಿಸಿದ್ರು," ಎನ್ನುತ್ತಾರೆ ಲೋರೀನ್. "ಮನೆ ಹೋಯ್ತು, ಹೊಲ ಹೋಯ್ತು. ಈ ಅಡುಗೆ ಮಾತ್ರ ಅವರ ಜೊತೆ ನಡ್ಕೊಂಡು ಬಂತು. ನನ್ನ ಮನೇಲಿ ಗ್ಯಾಸು, ಅದರಲ್ಲಿ ಬೂದಿ ಎಲ್ಲಿಂದ ತರಲಿ?"

ಬೂದಿಯ ಬದಲು ಅಡುಗೆ ಸೋಡಾ ಹಾಕಿದರೂ ಸಿಪ್ಪೆ ಬಿಡುತ್ತದೆ, ರುಚಿ ಬರುವುದಿಲ್ಲ. ನಾಳೆಯ ಊಟಕ್ಕೆ ಅಡುಗೆ ಕಲಿಸಿದ ದೊಡ್ಡಮ್ಮ ಮ್ಯಾಗಿ ಒಕ್ಲಹೋಮಾದಿಂದ ಬರುತ್ತಿದ್ದಾರೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಪ್ರತಿ ಸುಗ್ಗಿಗೂ ತಮ್ಮ ಹೊಲದ ಜೋಳ ಕಳಿಸುವವರು ಅವರೇ. "ಪಟ್ಟಣಕ್ಕೆ ಹೋದ್ರೆ ಡಬ್ಬಿ ಊಟವೇ ನಿಂಗೆ ಗತಿ ಅಂದಿದ್ರು. ಅದು ನಿಜ ಆಗೋದು ನಂಗೆ ಬೇಡ."

ಪದ್ಮಜಾ ಒಳಗೆ ಹೋಗಿ ಫೈರ್‌ಪ್ಲೇಸ್ ಗುಡಿಸಿ ತೊಳೆಯುತ್ತಾರೆ. ಅಂದು ಹಗಲೆಲ್ಲ ಆ ಮನೆಯಲ್ಲಿ ಓಕ್ ಉರಿಯುತ್ತದೆ. ಸೆಖೆ ತಾಳಲಾರದೆ ಯಜಮಾನರು ಬನಿಯನ್ನಿನಲ್ಲೇ ಓಡಾಡುತ್ತಾರೆ. ತಂದ ತಪ್ಪಿಗೆ ಅಷ್ಟಾದರೂ ಬೇಡವೇ!

ಭಾನುವಾರ ನಸುಕಿಗೇ ಲೋರೀನ್ ಆ ಬೂದಿ ಒಯ್ದು ಜೋಳ ಒಲೆಗೇರಿಸುತ್ತಾರೆ. ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಮ್ಯಾಗಿ ಸುತ್ತಿದ ಗರಿ ಬಿಡಿಸಿ ಒಂದು ತುತ್ತು ತಿನ್ನುತ್ತಾರೆ. ಇನ್ನೊಂದು ತುತ್ತು. ಕೊನೆಗೆ ಮುದುಕಿ ಲೋರೀನರನ್ನು ಹತ್ತಿರ ಕರೆದು ಮೆಲ್ಲಗೆ ಕೇಳುತ್ತಾರೆ: "ಬೂದಿ ಉಳಿದಿದೆಯೇನೇ? ನಮ್ಮನೆಗೂ ಗ್ಯಾಸು ಬಂದುಬಿಟ್ಟಿದೆ."

ಲೋರೀನ್ ಕಾಫಿ ಡಬ್ಬಿಯೊಂದಕ್ಕೆ ಬೂದಿ ತುಂಬಿ ಮುಚ್ಚಳ ಒತ್ತುತ್ತಾರೆ.

"ಇಷ್ಟು ವರ್ಷ ದೊಡ್ಡಮ್ಮ ಜೋಳ ಕಳಿಸ್ತಿದ್ರು," ಎನ್ನುತ್ತಾರೆ ನನಗೆ. "ಇನ್ಮೇಲೆ ನಾನು ಬೂದಿ ಕಳಿಸ್ತೀನಿ."