ಗಂಡು ಬಳ್ಳಿ ಕಡಿದ ಹೈಕಾ

ಕೆಲಸಕ್ಕೆ ಬಾರದ್ದು ಕಣ್ಣಿಗೆ ಬಿದ್ದರೆ ಹೈಕಾಳ ಕೈ ತುರಿಸುತ್ತದೆ. ನಮ್ಮ ಕಿಲಿಮಂಜಾರೋ ಇಳಿಜಾರಿನಲ್ಲಿ ಅವಳದರಷ್ಟು ಚೊಕ್ಕ ಬಾಳೆತೋಟ ಇನ್ನೊಂದಿಲ್ಲ. ಅಲ್ಲಿನ ದೊಡ್ಡ ಮರಕ್ಕೆ ಕುಂಬಳದ ಜಾತಿಯ ಎರಡು ಕ್ವೆಮೆ ಬಳ್ಳಿ ಹಬ್ಬಿದ್ದವು. ಒಂದರಲ್ಲಿ ಕೂಸಿನ ಗಾತ್ರದ ಕಾಯಿ, ಇನ್ನೊಂದರಲ್ಲಿ ಬರೀ ಹೂವು. "ತಿಂದುಂಡು ಬಿದ್ದಿರೋ ಸೋಮಾರಿ" ಎಂದು ಬೈದು, ಮಳೆಗೆ ಮುಂಚೆ ಅದನ್ನು ಬುಡಕ್ಕೇ ಕಡಿದುಹಾಕಿದಳು.

ಮಳೆ ಬಂತು. ಉಳಿದ ಬಳ್ಳಿ ಹೂ ಬಿಟ್ಟಿತು, ಕಾಯಿ ಕಚ್ಚದೆ ಹೂವೆಲ್ಲ ಉದುರತೊಡಗಿತು. ಅದೇ ವರ್ಷ ಸೊಸೆ ಉಪೆಂಡೊ ಬಸುರಿ. ಬಾಣಂತಿಗೆ ಹಾಲಿಳಿಯಲು ಕ್ವೆಮೆ ಬೀಜ ಅರೆದ ಗಂಜಿ ಬೇಕೇ ಬೇಕು, ಅದೂ ಅತ್ತೆಯ ಬಳ್ಳಿಯದೇ ಬೀಜ. ಸಂತೆಯಲ್ಲಿ ಕೊಂಡವಳನ್ನು ಊರು ಆಡಿಕೊಳ್ಳುತ್ತದೆ. ಪಕ್ಕದ ಮನೆಯ ಮಕುಂಡೆಯ ಬಳ್ಳಿ ಎಂದೂ ಕಾಯಿ ಬಿಟ್ಟದ್ದಿಲ್ಲ; ಅವಳನ್ನು ಎಲ್ಲರಿಗಿಂತ ಹೆಚ್ಚು ಆಡಿಕೊಂಡವಳು ಹೈಕಾಳೇ.

"ಗಂಡನ್ನ ಕಡಿದುಹಾಕಿ, ಹೆಣ್ಣು ಯಾಕೆ ಬಸುರಾಗ್ಲಿಲ್ಲ ಅಂತ ಅಳ್ತೀಯಲ್ಲೇ!" ಎಂದು ಗಂಡ ಅಮಿನಿಯೆಲ್ ನಕ್ಕ. "ಮಕುಂಡೆ ಮನೇದು ಗಂಡು ಬಳ್ಳಿ. ಹೋಗಿ ಹೂವು ಕೇಳು."

"ಅವಳ ಹತ್ರಾನಾ? ಸತ್ರೂ ಇಲ್ಲ!"

ಆದರೆ ಹೂವು ಉದುರುತ್ತಲೇ ಇತ್ತು. ಕೊನೆಗೆ ಸೋರೆಬುರುಡೆಯಲ್ಲಿ ಬಾಳೆಹಣ್ಣಿನ ಹೆಂಡ ತುಂಬಿಕೊಂಡು ಹೊರಟಳು. ನಮ್ಮಲ್ಲಿ ಹೆಣ್ಣು ಕೇಳಲು ಹೋಗುವವರು ಒಯ್ಯುವುದು ಅದನ್ನೇ. ಏನಾಗುತ್ತದೋ ನೋಡೋಣವೆಂದು ನಾನೂ ಹಿಂದೆಯೇ ಹೋದೆ.

"ಓಹೋ, ಸಂಬಂಧ ಕೇಳೋಕೆ ಬಂದ್ಯಾ?" ಎಂದಳು ಮಕುಂಡೆ. "ಹೆಣ್ಣಿನ ಕಡೆಯೋರೇ ಹೆಂಡ ಹೊತ್ತು ಬರೋದು ಯಾವ ಕಾಲದಲ್ಲಮ್ಮಾ?"

"ನಗು, ನಗು. ನಿನ್ನ ಕಾಲ ಇದು. ನಾಲ್ಕು ಹೂವು ಕೊಡೆ."

"ನನ್ನ ಬಂಜೆ ಬಳ್ಳೀದಾ?"

ಹೈಕಾ ತಲೆ ತಗ್ಗಿಸಿದಳು. "ಬಾಯಿಗೆ ಬಂದಿದ್ದು ಅಂದ್ಬಿಟ್ಟೆ ಕಣೆ. ತಪ್ಪಾಯ್ತು."

ಅವಳ ಬಾಯಲ್ಲಿ ಆ ಮಾತು ಕೇಳಿ ನನಗೇ ನಂಬಿಕೆ ಬರಲಿಲ್ಲ. ಮಕುಂಡೆ ಹೂಗೊಂಚಲು ಕೊಯ್ದು ಬುಟ್ಟಿ ತುಂಬಿ, ತಾನೇ ಹೈಕಾಳ ತೋಟಕ್ಕೆ ಹೊತ್ತು ತಂದಳು. ಅಮಿನಿಯೆಲ್ ಮರ ಹತ್ತಿ ಹೂವಿಗೆ ಹೂವು ತೀಡಿದ. ಕೆಳಗೆ ಇಬ್ಬರೂ ಹೆಂಗಸರು, "ಆ ಕಡೆ, ಮೂದೇವಿ, ಆ ಕಡೆ!" ಎಂದು ಒಟ್ಟಿಗೇ ಅವನನ್ನು ಬೈದರು. ಬೈಯುತ್ತ ಬೈಯುತ್ತ ಹೆಂಡವೂ ಖಾಲಿಯಾಯಿತು.

ಕಾಯಿ ಕಚ್ಚಿತು, ಬಲಿಯಿತು. ಉಪೆಂಡೊ ಹೆಣ್ಣು ಹೆತ್ತಳು. ಮೊದಲ ಬಟ್ಟಲು ಕೊಡುವುದು ಅತ್ತೆಯ ಹಕ್ಕು. ಹೈಕಾ ಬಿಸಿಬಿಸಿ ಗಂಜಿಯನ್ನು ಮಕುಂಡೆಯ ಕೈಗಿಟ್ಟಳು.

"ನಾನ್ಯಾಕೆ? ಸಂತೆ ಬೀಜದೋಳು!"

"ಈ ಬೀಜಕ್ಕೆ ಅಪ್ಪನ ಕಡೆಯೋಳು ನೀನೇ ಅಲ್ವೇನೆ? ಕೊಡು, ಆರಿಹೋಗ್ತದೆ."

ಮಕುಂಡೆ ಬಾಣಂತಿಯ ಪಕ್ಕ ಕೂತಳು. ತನ್ನ ಸೊಸೆಯಂದಿರಿಗೆ ಎಂದೂ ತಲೆಯೆತ್ತಿ ಕೊಡಲಾಗದಿದ್ದ ಗಂಜಿಯನ್ನು ಗುಟುಕು ಗುಟುಕಾಗಿ ಕುಡಿಸಿದಳು.