ಕಿಟಕಿಯಾಚೆ ಎಸೆದ ಸಸಿ

ಹದಿನೈದು ದಿನ ನಾನು ತಿಕ್ಕಿ ನೀವಿದರೂ ಬಿಚ್ಚದ ಹನುಮವ್ವನ ಮುಷ್ಟಿ ಸರೋಜಳ ಮುಂದೆ ಸಡಿಲವಾಗುತ್ತಿತ್ತು! ಆಗಷ್ಟೇ ಸ್ವಾತಂತ್ರ್ಯ ಬಂದಿತ್ತು. ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ನಾನೂ ಸರೋಜಳೂ ಮರಗಟ್ಟಿದ ಕೈಕಾಲುಗಳಿಗೆ ವ್ಯಾಯಾಮ ಮಾಡಿಸುವ ಚಿಕಿತ್ಸೆ ಕಲಿಯುತ್ತಿದ್ದೆವು. ಹನುಮವ್ವ ಸಿರುಗುಪ್ಪ ಕಡೆಯ ಗದ್ದೆ ಕೂಲಿ. ಮುಂಗೈ ಮುರಿದು ಕೂಡಿತ್ತು, ಬೆರಳು ಮಾತ್ರ ಬಿಗಿದೇ ಇದ್ದವು.

ಅದೇ ಸಿರುಗುಪ್ಪ ಕಡೆಯ ಕರೂರಿನ ಸರೋಜ ಊರಿಂದ ತಂದ ಭತ್ತದ ಸಸಿಯ ಕಟ್ಟನ್ನು ಆ ಮುಷ್ಟಿಗೆ ತುರುಕಿ, "ಸಸಿ ಹಚ್ಚಬೇ ಯವ್ವಾ, ಹೊತ್ತಾತು" ಎಂದಳು. ಹೆಬ್ಬೆರಳು ತಾನಾಗಿಯೇ ಒಂದೊಂದು ಸಸಿ ಬಿಡಿಸತೊಡಗಿತು. ಡಾಕ್ಟರು ಸರೋಜಳ ಬೆನ್ನು ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು.

ಮಧ್ಯಾಹ್ನ ಸರೋಜ ಊಟಕ್ಕೆ ಹೋಗಿದ್ದಳು, ಹನುಮವ್ವ ಮಲಗಿದ್ದಳು. ಸಸಿಯನ್ನೆಲ್ಲ ಕಿಟಕಿಯಾಚೆ ಎಸೆದೆ.

ಎದ್ದವಳೇ ಹನುಮವ್ವ ನನ್ನತ್ತ ಕೈ ಚಾಚಿದಳು. "ಸಸಿ ಎಲ್ಲದಾವ ತಾಯಿ? ಕೊಡು, ಇನ್ನಾ ಅರ್ಧ ಗದ್ದಿ ಐತಿ."

ಅವಳ ಅಂಗೈ ಪೂರ್ತಿ ಬಿಚ್ಚಿತ್ತು. ಅದು ನನ್ನೆದುರು ಮೊದಲ ಸಲ ತೆರೆದದ್ದು, ನಾನು ಎಸೆದದ್ದನ್ನು ಕೇಳಲು.